ಗೂಡಿಲ್ಲದ ತೊಟ್ಟಿಯ ನೊರೆ

"ಅದನ್ನ ಒರೆಸಬೇಡಿ!"

ತೊಟ್ಟಿ ಮಾವನ ಕೈ ಗಾಜಿನ ಅಂಚಿನ ಮೇಲೆ ಹಾಗೇ ನಿಂತಿತು. ಕೈಯಲ್ಲಿ ಒದ್ದೆ ಬಟ್ಟೆ, ಮುಖದಲ್ಲಿ ಬೇಸರ. ಈ ಮೀನು ಸಂಶೋಧನಾ ಸಂಸ್ಥೆಯ ತೊಟ್ಟಿಗಳನ್ನು ತೊಳೆದು, ತುಂಬಿ, ಕಾದು ತಲೆ ನೆರೆಸಿಕೊಂಡ ಮನುಷ್ಯ ಆತ. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಆತನನ್ನು ಕರೆಯುವುದು ಮಾವ ಎಂದೇ. ಅಂಥವನಿಗೆ ಮೊನ್ನೆ ಮೊನ್ನೆ ಬಂದ ನಾನು ಏನು ಒರೆಸಬೇಕು, ಏನು ಒರೆಸಬಾರದು ಎಂದು ಪಾಠ ಹೇಳುತ್ತಿದ್ದೆ.

"ಇದು ಕೊಳೆ ಅಲ್ಲಮ್ಮ, ನೊರೆ," ಎಂದ.

"ನೊರೆ ಅಂತ ನಂಗೂ ಕಾಣತ್ತೆ. ಒರೆಸೋಕೆ ಮುಂಚೆ ನೋಡ್ಬೇಕು, ಅಷ್ಟೆ."

ಇದು ನನ್ನ ಹಳೆಯ ಚಾಳಿ. ವಿಮೆ ಕಂಪನಿಯಲ್ಲಿದ್ದಾಗ ಸುಟ್ಟ ಗೋದಾಮು, ನುಜ್ಜುಗುಜ್ಜಾದ ಲಾರಿ ನೋಡಲು ಹೋಗುತ್ತಿದ್ದೆ. ಜನ ಮೊದಲು ಎಲ್ಲವನ್ನೂ ಒರೆಸಿ, ಆಮೇಲೆ ನಮ್ಮನ್ನು ಕರೆಯುತ್ತಿದ್ದರು. ಆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಒರೆಸುವ ಬಟ್ಟೆ ಕಂಡರೆ ನನಗೆ ಮೈ ಉರಿಯುತ್ತದೆ.

ಗಾಜಿಗೆ ಮೂಗು ತಾಗಿಸಿ ನೋಡಿದೆ. ಗಾಳಿ ಬಿಡುವ ಸಣ್ಣ ಕೊಳವೆಯ ಸುತ್ತ ಗುಳ್ಳೆಗಳು ಏಳುತ್ತಿದ್ದವು. ಎದ್ದ ಗುಳ್ಳೆ ಒಡೆಯದೆ ಅಂಚಿಗೆ ಸರಿದು, ಗಾಜಿನುದ್ದಕ್ಕೂ ಬಿಳಿಯ ಸಾಲಾಗಿ ಕೂತಿತ್ತು. ಅದರ ಕೆಳಗೆ ಅಂಗೈ ಉದ್ದದ ಮೀನುಗಳು, ಯಾವ ಅವಸರವೂ ಇಲ್ಲದೆ, ಅತ್ತ ಇತ್ತ ತೇಲುತ್ತಿದ್ದವು.

"ಗಂಡು ಮೀನಿನ ಕೆಲಸ ಅದು," ಮಾವ ಬಟ್ಟೆ ಹಿಂಡುತ್ತ ಹೇಳಿದ. "ಈ ಜಾತಿಯವು ಬಾಯಲ್ಲಿ ಗುಳ್ಳೆ ಊದಿ ಊದಿ ನೀರಿನ ಮೇಲೆ ಗೂಡು ಕಟ್ತವೆ. ಹೆಣ್ಣು ಇಟ್ಟ ಮೊಟ್ಟೆನ ಒಂದೊಂದಾಗಿ ಬಾಯಲ್ಲಿ ಎತ್ಕೊಂಡು ಹೋಗಿ ಗೂಡಿಗೆ ಸೇರಿಸ್ತವೆ. ಮರಿ ಆಗೋ ತನಕ ಗಂಡಿನದೇ ಕಾವಲು."

"ಹೆಣ್ಣು?"

"ಅವಳಿಗೇನು, ಮೊಟ್ಟೆ ಇಟ್ಲು, ಹೋದ್ಲು. ಮತ್ತೆ ಹತ್ರ ಬಂದ್ರೆ ಇವನೇ ಅಟ್ಟಿಸ್ತಾನೆ."

"ಪುಣ್ಯವಂತೆ," ಎಂದೆ. ಮೂರು ಮಕ್ಕಳನ್ನು ಸಾಕಿದವಳಿಗೆ ಹಾಗನ್ನಿಸದೆ ಇನ್ನೇನು?

ಮಾವ ನಕ್ಕ. ಆದರೆ ನಗುವಾಗಲೂ ಅವನ ಕಣ್ಣು ನನ್ನನ್ನು ತಪ್ಪಿಸಿ ಎಲ್ಲೋ ನೋಡುತ್ತಿತ್ತು. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಈ ಕೋಣೆಯಲ್ಲಿ ಇಂಥವೇ ಎರಡು ದೊಡ್ಡ ತೊಟ್ಟಿಗಳು. ಒಂದರಲ್ಲಿ ಕಾರ್ಖಾನೆಯ ಕೊಳವೆ ಬಂದು ಸೇರುವ ಜಾಗದ ನದಿ ನೀರು, ಇನ್ನೊಂದರಲ್ಲಿ, ಅಂದರೆ ನಾವು ನಿಂತಿದ್ದ ಇದರಲ್ಲಿ, ಶುದ್ಧ ನೀರು. ನದಿ ತೊಟ್ಟಿಯ ಗಂಡು ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಬೆಳೆಯುತ್ತಿದೆ, ಶುದ್ಧ ತೊಟ್ಟಿಯವು ಸರಿಯಾಗಿವೆ ಎಂದು ಸಾರಿದವಳು ಇಲ್ಲಿ ವಿಜ್ಞಾನಿಯಾಗಿರುವ ನನ್ನ ಓರಗಿತ್ತಿ. ಕಾರ್ಖಾನೆಯವರು ಒಪ್ಪಲಿಲ್ಲ. ತನಿಖೆಗೆಂದು ನೇಮಿಸಿದ ಸಮಿತಿಯವರು ಬಂದು ಶುದ್ಧ ತೊಟ್ಟಿಯ ಗಂಡುಗಳನ್ನೇ ಕೊಯ್ದು ನೋಡಿದರೆ ಅವುಗಳಲ್ಲೂ ಮೊಟ್ಟೆ. ನಾಳೆ ಬೆಳಿಗ್ಗೆ ವಿಚಾರಣೆ. ಇದು ಹೇಗಾಯಿತು ಎಂದು ಅಷ್ಟರಲ್ಲಿ ಹೇಳಲಾಗದಿದ್ದರೆ ಅವಳು ಸುಳ್ಳುಗಾತಿ ಎಂದು ತೀರ್ಮಾನ, ಕೆಲಸಕ್ಕೂ ಹೆಸರಿಗೂ ಒಟ್ಟಿಗೆ ಮಂಗಳ.

ಯಾರೋ ಮೀನು ಅದಲು ಬದಲು ಮಾಡಿದ್ದಾರೆ ಎಂಬುದು ಅವಳ ವಾದ. ನಾನು ಬಂದದ್ದೂ ಆ ಯಾರೋ ಎಂಬವನನ್ನು ಹಿಡಿಯಲು.

"ಮಾವ, ಈ ತೊಟ್ಟಿ ಮೀನನ್ನ ಆ ತೊಟ್ಟಿಗೆ ಹಾಕಿದ್ರೆ ಯಾರಿಗಾದ್ರೂ ಗೊತ್ತಾಗತ್ತಾ?"

ಅವನು ಬಲೆ ಅದ್ದಿ ಒಂದು ಮೀನನ್ನು ಎತ್ತಿದ. ಕಣ್ಣಿನ ಹಿಂದೆ, ಚರ್ಮದ ಅಡಿಯಲ್ಲಿ, ಹಸಿರು ಚುಕ್ಕೆ. "ಮರಿ ಇದ್ದಾಗಲೇ ಸೂಜೀಲಿ ಹಾಕಿದ ಬಣ್ಣ. ಸಾಯೋ ತನಕ ಹೋಗಲ್ಲ. ನದಿ ತೊಟ್ಟಿಯವಕ್ಕೆ ಕೆಂಪು. ಸಮಿತಿಯವರು ಕೊಯ್ದದ್ದೆಲ್ಲ ಹಸಿರೇ. ನಾನೇ ಹಿಡಿದುಕೊಟ್ಟೆ."

ಅಲ್ಲಿಗೆ ಅದಲು ಬದಲಿನ ಕಥೆ ನೀರಲ್ಲಿ ಹೋಯಿತು. ಮೀನು ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಏನು?

* * *

ಪಕ್ಕದ ಕೋಣೆಯಲ್ಲಿ ಓರಗಿತ್ತಿ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತಿದ್ದಳು. ಕೂದಲು ಕೆದರಿತ್ತು, ಸೆರಗು ಮೇಜಿನ ಡ್ರಾಯರಿನ ಹಿಡಿಕೆಗೆ ಸಿಕ್ಕಿಕೊಂಡಿತ್ತು. ಮನೆಯಲ್ಲಿ ಉಪ್ಪನ್ನೂ ತೂಕ ಮಾಡಿ ಹಾಕಿ ಅತ್ತೆಯ ಹತ್ತಿರ ಬೈಸಿಕೊಳ್ಳುವ ಹೆಂಗಸು ಇವಳು. ಇಂಥವಳು ಲೆಕ್ಕ ತಿರುಚುತ್ತಾಳೆ ಎಂದರೆ ನಾನಂತೂ ನಂಬುವವಳಲ್ಲ.

"ಅಕ್ಕಾ, ಸಿಕ್ಕಿದ್ನಾ ಕಳ್ಳ?"

"ಕಳ್ಳತನ ಏನು ಅಂತಲೇ ಗೊತ್ತಿಲ್ವಲ್ಲೇ. ಚುಕ್ಕೆ ನೋಡಿದೆ. ಮೀನು ಅದೇ."

ಅವಳ ಮುಖ ಬಾಡಿತು. ಆ ಒಂದು ಆಸೆಯನ್ನೇ ಹಿಡಿದುಕೊಂಡಿದ್ದಳು ಪಾಪ. ನನಗೆ ಸಂಕಟವಾಯಿತು. ಮಾತು ಬದಲಿಸಲು, ನಾನೂ ನೋಡುತ್ತೇನೆ ಎಂದು ಅವಳನ್ನು ಸರಿಸಿ ಕಣ್ಣಿಟ್ಟೆ.

"ಗುಲಾಬಿ ಬಣ್ಣದ ಸಣ್ಣ ಸಣ್ಣ ಚುಕ್ಕೆ ಕಾಣ್ತಾ? ಅದು ಗಂಡಿನ ವೀರ್ಯದ ಕಣ. ಅದರ ಮಧ್ಯೆ ದಪ್ಪಗೆ, ದುಂಡಗೆ ಇದ್ಯಲ್ಲ?"

"ಗೋಲಿ ಥರ?"

"ಅದು ಮೊಟ್ಟೆ. ಅಲ್ಲಿ ಇರಲೇಬಾರದು."

ನಾನು ಬಹಳ ಹೊತ್ತು ನೋಡಿದೆ. ಸುಟ್ಟದ್ದು, ಮುರಿದದ್ದು ಬೇಕಾದಷ್ಟು ನೋಡಿದ್ದೇನೆ. ಇದು ಮುರಿದದ್ದಲ್ಲ. ಒಂದು ದೇಹ ತಾನೇನು ಎಂಬುದನ್ನೇ ತಪ್ಪಾಗಿ ತಿಳಿದುಕೊಂಡು, ಆ ತಪ್ಪನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಭಯಕ್ಕಿಂತ ಹೆಚ್ಚು ಕುತೂಹಲವಾಯಿತು.

"ಹೇಗಾಗತ್ತೆ ಇದು?"

ಕೇಳಿದ್ದೇ ತಡ, ಅವಳ ದನಿಗೆ ಜೀವ ಬಂತು. "ಕಾರ್ಖಾನೆ ರಾಸಾಯನಿಕಗಳಲ್ಲಿ ಕೆಲವು ಇವೆ ಅಕ್ಕಾ. ಒಡೆಯಲ್ಲ, ಕೊಳೆಯಲ್ಲ, ವರ್ಷಗಟ್ಲೆ ನೀರಲ್ಲಿ ಹಾಗೇ ಇರ್ತವೆ. ಮೀನಿನ ಮೈಗೆ ಸೇರಿದ್ರೆ ಹೆಣ್ಣು ಹಾರ್ಮೋನಿನ ವೇಷ ಹಾಕ್ತವೆ. ಗಂಡಿನ ಲಿವರ್ ಮೋಸ ಹೋಗತ್ತೆ. ಓಹೋ, ಮೊಟ್ಟೆ ಇಡೋ ಕಾಲ ಬಂತು ಅಂದ್ಕೊಂಡು ಮೊಟ್ಟೆಗೆ ಬೇಕಾದ ಹಳದಿ ಭಾಗದ ತಯಾರಿ ಶುರು ಮಾಡತ್ತೆ. ಚಿಕ್ಕ ವಯಸ್ಸಿಂದಲೇ ಆ ನೀರಲ್ಲಿದ್ರೆ ಹೀಗೆ ಮೊಟ್ಟೇನೇ ಬಂದ್ಬಿಡತ್ತೆ."

"ನೀರು ಕುದಿಸಿದ್ರೆ ಹೋಗಲ್ವಾ?"

"ಕುದಿಸಿದ್ರೆ ನೀರು ಹೋಗತ್ತೆ, ಅದು ಉಳಿಯತ್ತೆ. ಇದ್ದಿಲಿನ ದೊಡ್ಡ ಶೋಧಕ ಇದ್ರೆ ಸುಮಾರಾಗಿ ಹಿಡಿಯತ್ತೆ. ಅದಕ್ಕೇ ಶುದ್ಧ ತೊಟ್ಟಿಗೆ ನಲ್ಲಿ ನೀರನ್ನ ಶೋಧಕದಲ್ಲಿ ಹಾಯಿಸಿ ಬಿಡ್ಬೇಕು ಅಂತ ನಿಯಮ ಮಾಡಿದೀನಿ."

"ಇಂಥ ಮೀನನ್ನ ಕೊಯ್ಯದೆ, ಹೊರಗಿಂದಲೇ ಗುರುತು ಹಿಡೀಬಹುದಾ?"

"ಬಣ್ಣ ಸ್ವಲ್ಪ ಮಂಕಾಗಿರತ್ತೆ. ಜಗಳ ಆಡಲ್ಲ. ಗೂಡು ಕಟ್ಟಲ್ಲ. ಮಾಡೋ ಕೆಲಸ ಎಲ್ಲ ಮರೆತವರ ಹಾಗೆ ಸುಮ್ನೆ ತೇಲ್ತಾ ಇರತ್ತೆ."

"ನನ್ನ ಮೈದುನನ ಹಾಗೆ," ಎಂದೆ.

ಮೈದುನ ಎಂದರೆ ಇವಳ ಗಂಡನೇ. ವಾರದಲ್ಲಿ ಮೊದಲ ಬಾರಿಗೆ ಅವಳು ಬಾಯಿ ತುಂಬ ನಕ್ಕಳು. ನಾನೂ ನಕ್ಕೆ. ಆ ನಗುವಿನ ಭರದಲ್ಲಿ, ಇಡೀ ಪ್ರಕರಣದ ಬೀಗದ ಕೈಯಂಥ ಮಾತು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

* * *

ನಿರ್ದೇಶಕರ ಕೋಣೆ ಮಹಡಿಯ ಮೇಲೆ. ಅಚ್ಚುಕಟ್ಟಾದ ಮನುಷ್ಯ, ಅಚ್ಚುಕಟ್ಟಾದ ಮೇಜು. ಎದುರಿಗೆ ಕೂರಿಸಿ, ಮುಚ್ಚಳ ಒಡೆಯದ ನೀರಿನ ಬಾಟಲಿಯೊಂದನ್ನು ನನ್ನ ಮುಂದಿಟ್ಟರು.

"ನೋಡಿ, ನಿಮ್ಮ ಓರಗಿತ್ತಿ ಬಗ್ಗೆ ನನಗೆ ಗೌರವ ಇದೆ. ನಾಳೆ ಅವರಾಗೇ ತಪ್ಪಾಯ್ತು ಅಂತ ಹೇಳಿ ಹೊರಟ್ರೆ ಮರ್ಯಾದೆಯಾಗಿ ಮುಗಿಯತ್ತೆ."

"ಮಾಡದ ತಪ್ಪನ್ನ ಮರ್ಯಾದೆಯಾಗಿ ಒಪ್ಕೊಳ್ಳೋದು ಹೇಗೆ ಸಾರ್?"

ಅವರು ಕಿಟಕಿಯ ಕಡೆ ತಿರುಗಿದರು. ನಾನೂ ನೋಡಿದೆ. ಕೆಳಗೆ ಸಂಸ್ಥೆಯ ಹಿತ್ತಲು, ಅದರಲ್ಲಿ ಹಳೆಯ ಕಲ್ಲುಬಾವಿ. ಅದರಾಚೆ ಗೋಡೆ. ಗೋಡೆಯಾಚೆ ಕಾರ್ಖಾನೆಯವರು ಬೆಂಕಿ ಆರಿಸುವ ತಾಲೀಮು ನಡೆಸುವ ಬಯಲು. ಹಳದಿ ಅಂಗಿಯ ಕೆಲವರು ಉರಿಯುವ ಪೀಪಾಯಿಯೊಂದರ ಮೇಲೆ ಕೊಳವೆ ಹಿಡಿದಿದ್ದರು. ಬಿಳಿ ರಾಶಿ ಬಂದು ಬಿದ್ದು ಬೆಂಕಿ ಮಾಯವಾಯಿತು. ಮಕ್ಕಳಿಗೆ ತೋರಿಸಿದರೆ ಚಪ್ಪಾಳೆ ತಟ್ಟುತ್ತಿದ್ದರು.

"ವಾರ ವಾರ ಇದೇ ಗಲಾಟೆ," ಎಂದು ಅವರು ಪರದೆ ಎಳೆದರು.

ಬಾಟಲಿಯ ಮುಚ್ಚಳ ತಿರುಗಿಸುತ್ತ ನಾನು ಸುಮ್ಮನೆ ಕೇಳಿದೆ: "ಎಲ್ರೂ ನಿಮ್ಮ ಬಾವಿ ನೀರನ್ನ ಹೊಗಳೋದೇ ಹೊಗಳೋದು. ಕೆಳಗೆ ಹೂಜಿಗಳಲ್ಲೂ ಅದೇ ಇದೆ. ನೀವು ಮಾತ್ರ ಅಂಗಡಿ ನೀರು ಕುಡೀತೀರಾ?"

ಅವರು ಒಂದು ಕ್ಷಣ ತಡವರಿಸಿದರು. "ಗಂಟಲು… ನನಗೆ ಆಗಿಬರಲ್ಲ. ವೈದ್ಯರು ಬೇಡ ಅಂದಿದಾರೆ."

ಸುಳ್ಳು ಕ್ಲೇಮುಗಳನ್ನು ಕೇಳಿ ಕೇಳಿ ಹಣ್ಣಾದ ಕಿವಿ ನನ್ನದು. ಒಂದು ಕಾರಣ ಕೇಳಿದರೆ ಎರಡೆರಡು ಕೊಡುವವರನ್ನು ಕಂಡರೆ ಅದು ನೆಟ್ಟಗಾಗುತ್ತದೆ. ಆದರೆ ಗಂಟಲಿಗೂ ಗಂಡು ಮೀನಿನ ಮೊಟ್ಟೆಗೂ ಎಲ್ಲಿಯ ಸಂಬಂಧ? ಸುಮ್ಮನೆ ಎದ್ದು ಬಂದೆ.

* * *

ಮನೆ ಎರಡು ಬೀದಿಯ ಆಚೆ. ಮಧ್ಯಾಹ್ನ ಊಟಕ್ಕೆ ಹೋದರೆ ಅತ್ತೆ ಬಡಿಸುವ ಮೊದಲೇ ಶುರು ಮಾಡಿದರು.

"ಆ ದೊಡ್ಡ ಮನುಷ್ಯನನ್ನ ನೋಡ್ಕೊಂಡು ಬಂದ್ಯಾ? ಮೊನ್ನೆ ಇಲ್ಲಿಗೆ ಸಮಾಧಾನ ಹೇಳೋಕೆ ಅಂತ ಬಂದಿದ್ನಲ್ಲ, ನೀರು ಕೊಟ್ರೆ ಮುಟ್ಟಲಿಲ್ಲ. ಕಾಫಿ ಮಾಡಿ ತಂದೆ, ಲೋಟ ಕೈಯಲ್ಲೇ ಹಿಡ್ಕೊಂಡು ಕೂತು ಹಾಗೇ ಇಟ್ಟು ಹೋದ. ನಮ್ಮನೇಲಿ ಏನು ವಿಷ ಹಾಕ್ತೀವಾ?"

"ಬಿಡಿ ಅತ್ತೆ, ಗಂಟಲು ನೋವಂತೆ."

"ಗಂಟಲು ನೋಯೋರು ಬಿಸಿ ಕಾಫಿ ಬಿಡ್ತಾರೇನೇ?"

ಪತ್ತೇದಾರಿಣಿ ನಾನೋ ಇವರೋ ಎಂದು ಅನುಮಾನವಾಯಿತು. ನಕ್ಕು ಸುಮ್ಮನಾದೆ.

ಕಿಟಕಿಯ ಹತ್ತಿರ ಓರಗಿತ್ತಿಯ ಮಗಳು ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಏಳು ತಿಂಗಳ ಬಸುರಿ. ಕಾಲು ಊದಿಕೊಂಡಿದ್ದರಿಂದ ವೈದ್ಯರು ವಿಶ್ರಾಂತಿ ಹೇಳಿದ್ದಾರೆ, ನೀರು ಚೆನ್ನಾಗಿ ಕುಡಿ ಎಂದಿದ್ದಾರೆ. ಆಗಿನಿಂದ ತಾಯಿಯ ಮನೆಯಲ್ಲೇ ಇದ್ದಾಳೆ. ಅವಳಿಗೆಂದೇ ತೊಟ್ಟಿ ಮಾವ ಸಂಸ್ಥೆಯ ಬಾವಿ ನೀರನ್ನು ಕ್ಯಾನುಗಳಲ್ಲಿ ತಂದಿಟ್ಟು ಹೋಗುತ್ತಾನೆ. ಇವಳು ಮಗುವಾಗಿದ್ದಾಗ ಅವನ ತೊಟ್ಟಿಗಳ ಸುತ್ತ ಓಡಾಡಿ ಬೆಳೆದವಳು.

"ದೊಡ್ಡಮ್ಮ, ಅವರ ಫೋನ್ ಬಂದಿತ್ತು," ಎಂದಳು. ಅವರು ಎಂದರೆ ಅವಳ ಗಂಡ. "ಮಗು ಕೋಣೆಗೆ ಮತ್ತೆ ಬಣ್ಣ ಹೊಡೀತಾ ಇದಾರಂತೆ. ಹಳದಿ ಬೇಡ ಅಂತ ನೀಲಿ, ನೀಲಿ ಬೇಡ ಅಂತ ಈಗ ಹಸಿರು. ತೊಟ್ಟಿಲು ಅವರೇ ಮಾಡ್ತಾರಂತೆ. ಮೊಳೆ ಹೊಡೆಯೋಕೆ ಬರದ ಮನುಷ್ಯ!"

"ಗೂಡು ಕಟ್ತಾ ಇದಾನೆ," ಅತ್ತೆ ನಕ್ಕರು. "ಅಪ್ಪ ಆಗ್ತೀನಿ ಅನ್ನೋದು ತಲೆಗೆ ಹತ್ತಿದ್ರೆ ಗಂಡಸರು ಹಾಗೇ. ಹತ್ತದೆ ಇದ್ರೆ ಒಂದು ಕಡ್ಡಿನೂ ಎತ್ತಿಡಲ್ಲ."

ನಾನು ಅರ್ಧ ಕುಡಿದ ನೀರಿನ ಲೋಟವನ್ನು ಕೆಳಗಿಟ್ಟೆ.

ಹತ್ತದೆ ಇದ್ದರೆ ಕಟ್ಟುವುದಿಲ್ಲ. ಶುದ್ಧ ತೊಟ್ಟಿಯ ಗಂಡುಗಳಿಗೆ ಅಪ್ಪನಾಗುವ ಹುಮ್ಮಸ್ಸೇ ಸತ್ತಿದೆ. ಗೂಡು ಕಟ್ಟಲ್ಲ ಎಂದು ಓರಗಿತ್ತಿ ಬಾಯಿ ಬಿಟ್ಟು ಹೇಳಿದ್ದಳು, ನಾನು ಮೈದುನನ ಮೇಲೆ ತಮಾಷೆ ಮಾಡುತ್ತ ಕೂತಿದ್ದೆ. ಗೂಡು ಕಟ್ಟುವ ಗಂಡೇ ಇಲ್ಲದ ತೊಟ್ಟಿಯಲ್ಲಿ ನೊರೆ ಎಲ್ಲಿಂದ ಬಂತು?

ಅಂಥ ನೊರೆ ನದಿ ತೊಟ್ಟಿಯಲ್ಲಿ ಇರಲೂ ಇಲ್ಲ.

"ಊಟ?" ಎಂದರು ಅತ್ತೆ.

"ಆಮೇಲೆ," ಎಂದು ಚಪ್ಪಲಿ ಮೆಟ್ಟಿಕೊಂಡೆ.

* * *

ತೊಟ್ಟಿ ಕೋಣೆಯಲ್ಲಿ ಮಾವ ಒಬ್ಬನೇ ಇದ್ದ. ನೊರೆಯನ್ನು ಒರೆಸಿ ಆಗಿತ್ತು. ಗಾಜು ಥಳಥಳ ಹೊಳೆಯುತ್ತಿತ್ತು. ಆದರೆ ಕೊಳವೆಯ ಸುತ್ತ ಬಿಳಿ ಸಾಲು ಆಗಲೇ ಮತ್ತೆ ಕೂಡುತ್ತಿತ್ತು.

"ಮಾವ, ಗೂಡು ಮತ್ತೆ ಬಂತಲ್ಲ. ಕಟ್ಟಿದ ಗಂಡು ಯಾವುದು, ತೋರ್ಸಿ."

"ಹಾಂ?"

"ಗೂಡಿನ ಕೆಳಗೆ ಗಂಡು ಕಾವಲು ನಿಲ್ಲತ್ತೆ ಅಂದ್ರಿ. ಯಾವುದು ನಿಂತಿದೆ?"

ಅವನು ನೋಡಿದ. ನಾನೂ ನೋಡಿದೆ. ನೊರೆಯ ಕೆಳಗೆ ಒಂದು ಮೀನೂ ಇರಲಿಲ್ಲ. ಎಲ್ಲವೂ ಆ ಕಡೆ ಮೂಲೆಯಲ್ಲಿ ಸುಮ್ಮನೆ ತೇಲುತ್ತಿದ್ದವು.

"ಇಲ್ಲಿ ಗೂಡಲ್ಲಿ ಮೊಟ್ಟೆ ನೋಡಿ ಎಷ್ಟು ಕಾಲ ಆಯ್ತು?"

ಮಾವ ಬಲೆ ಎತ್ತಿಕೊಂಡು ಆ ಕಡೆ ತಿರುಗಿದ. ನನಗೆ ತಾಳ್ಮೆ ಕಡಿಮೆ. ಮನೆಯವರೆಲ್ಲ ಒಪ್ಪುವ ಒಂದೇ ಮಾತು ಅದು. ನೇರವಾಗಿ ಕೇಳಿಬಿಟ್ಟೆ.

"ಮೀನು ಅದಲು ಬದಲು ಆಗಿಲ್ಲ. ಹಾಗಾದ್ರೆ ನೀರು ಬದಲಾಗಿದೆ. ಈ ತೊಟ್ಟಿಗೆ ನೀರು ಬಿಡೋರು ನೀವೊಬ್ರೇ. ನದಿ ನೀರು ಸುರಿದ್ರಾ ಇದಕ್ಕೆ?"

ಅವನ ಮುಖ ಕೆಂಪೇರಿತು. ಬಲೆಯನ್ನು ನೆಲಕ್ಕೆ ಎಸೆದ. "ಏನಂದ್ರಿ? ನಾನು ಸಾಕಿದ ಮೀನಿಗೆ ನಾನೇ ಆ ಗಲೀಜು ಹಾಕ್ತೀನಾ? ಮರಿ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದವನು ನಾನು! ನಿಮ್ಮ ಓರಗಿತ್ತಿ, ನಮ್ಮ ಡಾಕ್ಟರಮ್ಮ, ಅವರ ಹೆಸರು ಕೆಡತ್ತೆ ಅಂತ ನಂಗೆ ಗೊತ್ತಿಲ್ವಾ?"

"ಹಾಗಾದ್ರೆ ಸಾಬೀತು ಮಾಡೋಣ ಬನ್ನಿ."

ಕಪಾಟಿನಿಂದ ಮೂರು ಖಾಲಿ ಬಾಟಲಿ ತೆಗೆದೆ. ಒಂದಕ್ಕೆ ನದಿ ತೊಟ್ಟಿಯ ನೀರು, ಇನ್ನೊಂದಕ್ಕೆ ಶುದ್ಧ ತೊಟ್ಟಿಯದು, ಮತ್ತೊಂದಕ್ಕೆ ಶೋಧಕದ ನಲ್ಲಿಯದು. ಮುಚ್ಚಳ ಬಿಗಿದು, ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುವ ಹುರುಪಿನಲ್ಲಿ, ಒಂದೊಂದನ್ನೂ ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟೆ.

ನಲ್ಲಿ ನೀರಿನ ಗುಳ್ಳೆಗಳು ಅಲ್ಲೇ ಒಡೆದವು. ನದಿ ನೀರಿನವು ಸ್ವಲ್ಪ ತಡೆದು, ಕರಗಿ ಹೋದವು. ಶುದ್ಧ ತೊಟ್ಟಿಯ ಬಾಟಲಿಯಲ್ಲಿ ನೊರೆ ಕತ್ತಿನ ತನಕ ತುಂಬಿ ನಿಂತಿತ್ತು. ನಾವಿಬ್ಬರೂ ಕಾದೆವು. ಅದು ಇಳಿಯಲೇ ಇಲ್ಲ.

ನನ್ನ ಆರೋಪ ನನ್ನ ಕಣ್ಣೆದುರೇ ಬಿದ್ದುಹೋಗಿತ್ತು. ಅದಕ್ಕಿಂತ ವಿಚಿತ್ರವಾದದ್ದು ಎದ್ದು ಕೂತಿತ್ತು.

"ಮಾವ," ಎಂದೆ ಮೆಲ್ಲಗೆ, "ಇದು ನದಿ ನೀರಲ್ಲ. ನಲ್ಲಿ ನೀರೂ ಅಲ್ಲ. ಯಾವ ನೀರು ಇದು?"

ಅವನು ಬೋರಲು ಹಾಕಿದ್ದ ಬಕೀಟಿನ ಮೇಲೆ ಕುಸಿದು ಕೂತ. ಸಿಟ್ಟು ಇಳಿದು, ಇಷ್ಟು ದಿನ ಕಣ್ಣು ತಪ್ಪಿಸುತ್ತಿದ್ದ ಕಾರಣ ಹೊರಗೆ ಬಂತು.

"ಹೋದ ವರ್ಷದ ಬೇಸಿಗೆಗೂ ಮುಂಚೆ. ನಲ್ಲಿ ನೀರಿಗೆ ಕ್ಲೋರಿನ್ ಜಾಸ್ತಿ ಬಿಟ್ಬಿಟ್ಟಿದ್ರು. ಶೋಧಕ ಕೈ ಕೊಡ್ತು. ಬೆಳಿಗ್ಗೆ ಬಾಗಿಲು ತೆಗೆದ್ರೆ ಒಂದು ತೊಟ್ಟಿ ಮರಿಗಳೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇದ್ವು. ಒಂದೂ ಉಳಿಲಿಲ್ಲ. ನಾನು ಅವತ್ತು ಅತ್ತುಬಿಟ್ಟೆ ಅಮ್ಮ. ಮನೇಲಿ ಹೇಳ್ಕೊಳ್ಳೋಕೂ ನಾಚಿಕೆ, ಮೀನಿಗೆ ಅಳ್ತಾನೆ ಅಂತಾರೆ."

"ಆಮೇಲೆ?"

"ಶೋಧಕ ರಿಪೇರಿ ಮಾಡಿ ಕೊಟ್ರು. ನಂಗೆ ಅದರ ಮೇಲೆ ನಂಬಿಕೆ ಹೋಗಿತ್ತು. ಹೊಸ ಮರಿ ಬಿಟ್ಟಾಗ ಬಾವಿ ನೀರು ಹಾಕ್ದೆ. ಒಂದಿನ ಪೀಪಾಯಲ್ಲಿ ನಿಲ್ಲಿಸಿ, ಬಟ್ಟೇಲಿ ಸೋಸಿ, ಆಮೇಲೆ ಬಿಡ್ತಿದ್ದೆ. ಡಾಕ್ಟರಮ್ಮಂಗೆ ಹೇಳಲಿಲ್ಲ, ನಿಯಮ ನಿಯಮ ಅಂತಾರೆ. ಒಂದು ಮೀನೂ ಸಾಯಲಿಲ್ಲಮ್ಮ! ಮೀನು ಸಾಯದ ನೀರು ಒಳ್ಳೆ ನೀರು ತಾನೆ?"

ಮೀನು ಸಾಕುವವನು ಮಾತ್ರ ಮಾಡಬಹುದಾದ ತಪ್ಪು ಅದು. ನಮ್ಮಂಥವರಾಗಿದ್ದರೆ ಸೋಮಾರಿತನಕ್ಕೆ ನಲ್ಲಿ ತಿರುಗಿಸಿ ಸುಮ್ಮನಾಗುತ್ತಿದ್ದೆವು, ಎಲ್ಲವೂ ಸರಿಯಾಗಿರುತ್ತಿತ್ತು. ಇವನು ಅಕ್ಕರೆಗೆ ಬಿದ್ದು ಬಾವಿಯಿಂದ ಹೊತ್ತು ತಂದ. ಕೊಲ್ಲುವ ನೀರನ್ನು ಮೀನು ಒಂದೇ ಬೆಳಿಗ್ಗೆಯಲ್ಲಿ ಹೇಳಿಬಿಡುತ್ತದೆ. ಬದಲಿಸುವ ನೀರನ್ನು ಹೇಳುವುದಿಲ್ಲ.

"ಬಾವಿ ನೀರಾ?"

ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ. ಸೀದಾ ಕಿಟಕಿಯ ಹತ್ತಿರ ಬಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ನೊರೆ ಇನ್ನೂ ಹಾಗೇ ಇತ್ತು.

"ನನ್ನ ಮೊದಲನೇ ಮೀನುಗಳು ಶೋಧಕದ ನೀರಲ್ಲಿ ಬೆಳೆದವು. ಅವು ಸರಿಯಾಗಿದ್ವು," ಎಂದಳು ತನಗೆ ತಾನೇ ಹೇಳಿಕೊಳ್ಳುವಂತೆ. "ಸಮಿತಿಯವರು ಕೊಯ್ದದ್ದು ಬಾವಿ ನೀರಲ್ಲಿ ಬೆಳೆದವು. ನಾನು ಸುಳ್ಳು ಹೇಳಿಲ್ಲ ಅಕ್ಕಾ. ಮೀನೂ ಸುಳ್ಳು ಹೇಳಿಲ್ಲ!"

ಅವಳು ನನ್ನನ್ನು ತಬ್ಬಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಮಾವ ಮಾತ್ರ ತಲೆ ಎತ್ತಲಿಲ್ಲ.

"ನಾಳೆ ಸಮಿತಿ ಮುಂದೆ ನೀವು ಇದನ್ನೇ ಹೇಳ್ಬೇಕು ಮಾವ," ಎಂದಳು ಅವಳು.

"ಹೇಳ್ತೀನಿ. ಕೆಲಸ ಹೋದ್ರೂ ಹೇಳ್ತೀನಿ. ಆದ್ರೆ ಬಾವಿಗೆ ಏನಾಗಿದೆ? ನಮ್ಮಪ್ಪನ ಕಾಲದಿಂದ ಎಲ್ರೂ ಕುಡೀತಿರೋ ನೀರು ಅದು."

ನನಗೆ ಕಿಟಕಿ ನೆನಪಾಯಿತು. ಉರಿಯುವ ಪೀಪಾಯಿ, ಅದರ ಮೇಲೆ ಬಿದ್ದ ಬಿಳಿ ರಾಶಿ.

"ಗೋಡೆ ಆಚೆ ವಾರ ವಾರ ಬೆಂಕಿ ಆರಿಸ್ತಾರಲ್ಲ," ಎಂದೆ, "ಆ ನೊರೆ ಆಮೇಲೆ ಎಲ್ಲಿಗೆ ಹೋಗತ್ತೆ?"

ಓರಗಿತ್ತಿ ಬಾಟಲಿಯನ್ನು ಇನ್ನೊಮ್ಮೆ ನೋಡಿದಳು. "ನೆಲಕ್ಕೆ ಇಂಗತ್ತೆ," ಎಂದಳು. "ಕೆಲವು ಬೆಂಕಿ ನೊರೆಗಳಲ್ಲಿ ಇದೇ ಜಾತಿ ರಾಸಾಯನಿಕ ಇರತ್ತೆ. ನದಿಗೆ ಬಿದ್ರೆ ಅಷ್ಟು ನೀರಲ್ಲಿ ತೆಳ್ಳಗಾಗತ್ತೆ. ಬಾವಿಲಿ ಕೂಡ್ತಾ ಹೋಗತ್ತೆ. ಖಚಿತವಾಗಿ ಹೇಳ್ಬೇಕಾದ್ರೆ ಪ್ರಯೋಗಾಲಯಕ್ಕೆ ಕಳಿಸ್ಬೇಕು, ಆದ್ರೆ…"

ಮಾತು ಅಲ್ಲಿಗೇ ನಿಂತಿತು. ಮಾವ ಎದ್ದು ನಿಂತಿದ್ದ.

"ಡಾಕ್ಟರಮ್ಮ… ನಾನು ಮನೆಗೆ ತಂದು ಹಾಕೋ ಕ್ಯಾನು."

ಅವಳ ಮುಖದಿಂದ ನಗು ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಏಳು ತಿಂಗಳು. ನೀರು ಚೆನ್ನಾಗಿ ಕುಡಿ ಎಂದಿದ್ದಾರೆ ವೈದ್ಯರು. ಕುದಿಸಿದರೆ ನೀರು ಹೋಗತ್ತೆ, ಅದು ಉಳಿಯತ್ತೆ. ಅತ್ತೆ ಮೊಮ್ಮಗಳಿಗೆಂದು ದಿನವೂ ಆ ನೀರನ್ನು ಅಕ್ಕರೆಯಿಂದ ಕುದಿಸಿ, ಆರಿಸಿ, ಪಕ್ಕದಲ್ಲಿಡುತ್ತಾರೆ.

ಅದರ ಬೆನ್ನಿಗೇ ಇನ್ನೊಂದು ನೆನಪು ಬಂತು. ಹಿಡಿದು ಕೂತು, ಕುಡಿಯದೆ ಇಟ್ಟುಹೋದ ಕಾಫಿ ಲೋಟ. ಮುಚ್ಚಳ ಒಡೆಯದ ಬಾಟಲಿ. ಗಂಟಲು, ವೈದ್ಯರು, ಎರಡೆರಡು ಕಾರಣ. ಆ ಅಚ್ಚುಕಟ್ಟಾದ ಮನುಷ್ಯನಿಗೆ ಬಾವಿಯ ವಿಷಯ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಹೂಜಿಯಲ್ಲಿ ಅದೇ ನೀರು ತುಂಬಲು ಬಿಟ್ಟಿದ್ದರು, ಇವಳನ್ನು ಸುಳ್ಳುಗಾತಿ ಎನ್ನಲು ಬಿಟ್ಟಿದ್ದರು. ಬೆಳಿಗ್ಗೆ ನಾನೇ ಹೋಗಿ, ಯಾಕೆ ಸಾರ್ ಬಾವಿ ನೀರು ಕುಡಿಯಲ್ಲ ಎಂದು ಹಲ್ಲು ಕಿರಿದು ಕೇಳಿ, ಅವರನ್ನು ಎಚ್ಚರಿಸಿ ಬಂದಿದ್ದೆ.

ಓರಗಿತ್ತಿ ಆಗಲೇ ಮನೆಗೆ ಫೋನು ಹಚ್ಚಿದ್ದಳು. ನಾವೆಲ್ಲ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಮಗಳ ದನಿ ಬಂತು.

"ಅಮ್ಮಾ? ನಾನೇ ಮಾಡ್ಬೇಕು ಅಂತಿದ್ದೆ. ನಿಮ್ಮ ನಿರ್ದೇಶಕರು ಬಂದಿದಾರೆ ಇಲ್ಲಿ."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

"ಯಾಕಂತೆ?" ಎಂದಳು ಓರಗಿತ್ತಿ, ದನಿ ಸಮ ಮಾಡಿಕೊಂಡು.

"ಗೊತ್ತಿಲ್ಲ. ನೀರಿನ ಕ್ಯಾನೆಲ್ಲ ತಾವೇ ಹೊತ್ತು ಕಾರಿಗೆ ಹಾಕ್ತಾ ಇದಾರೆ. ಅಜ್ಜಿ ಬೈತಾ ಇದಾರೆ, ಕೇಳ್ತಾನೇ ಇಲ್ಲ. ನನ್ನ ಹತ್ರ ಮಾತ್ರ ಬಂದು, ಮೆಲ್ಲಗೆ, 'ನೀನು ಇನ್ನು ಇದನ್ನ ಕುಡೀಬೇಡಮ್ಮ, ನನ್ನ ಕ್ಷಮಿಸು' ಅಂದ್ರು. ಕಣ್ಣಲ್ಲಿ ನೀರಿತ್ತು ಅವರಿಗೆ."

ಹಿಂದಿನಿಂದ ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತು, ಅತ್ತೆಯ ಕೂಗು ಕೇಳಿಸಿತು.

"ಏನಾಯ್ತಮ್ಮ ಆ ನೀರಿಗೆ?" ಎಂದಳು ಹುಡುಗಿ. "ಅವರು ಬರೋಕೆ ಮುಂಚೆ ತಾನೆ ನಾನು ಒಂದು ಚೊಂಬು ಪೂರ್ತಿ ಕುಡಿದೆ."